ಬೆಟ್ಟದ ಜೊತೆ ಮಾತು ಬಿಟ್ಟವಳು

ಹೊರುವವರು ಹಗ್ಗ ಬಿಗಿಯುತ್ತಿದ್ದ ಹಾಗೆಯೇ ರುಫಿನಾ ಹೋಗಿ ಅಮ್ಮನ ಶವಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಮುಚ್ಚಳಕ್ಕೆ ಇನ್ನೂ ಮೊಳೆ ಹೊಡೆದಿರಲಿಲ್ಲ. ಅವಳ ಭಾರಕ್ಕೆ ಅದು ಕಿರ್ ಎಂದಿತು. ಸುತ್ತಿಗೆ ಹಿಡಿದು ನಿಂತಿದ್ದ ಅವಳ ಗಂಡ ಪಾಸ್ಕುವಾಲ್ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ.

"ಎದ್ದೇಳೆ. ಊರೋರೆಲ್ಲ ನೋಡ್ತಿದಾರೆ."

"ನೋಡ್ಲಿ. ಅಮ್ಮನ ತಲೆ ಯಾವ ಕಡೆ, ಕಾಲು ಯಾವ ಕಡೆ ಅಂತ ತೀರ್ಮಾನ ಆಗೋವರೆಗೂ ನಾನು ಏಳಲ್ಲ."

ಅಂಗಳದ ತುಂಬ ಜನ. ಗೋಡೆಯುದ್ದಕ್ಕೂ ಕೂತ ಹೆಂಗಸರು ಕೋಕಾ ಎಲೆ ಜಗಿಯುತ್ತ ಬೆಳಗು ಮಾಡಿದ್ದರು. ಒಲೆಯ ಮೇಲೆ ಒಣ ಆಲೂಗಡ್ಡೆಯ ಸಾರು ಕುದಿಯುತ್ತಿತ್ತು. ಶ್ರುತಿ ಮಾಡಿಕೊಳ್ಳುತ್ತಿದ್ದ ಪಿಟೀಲಿನವನು ಕೈ ನಿಲ್ಲಿಸಿದ. ಇಂಥದ್ದೊಂದು ತಮಾಷೆಯನ್ನು ತಪ್ಪಿಸಿಕೊಳ್ಳುವಷ್ಟು ಸಂಗೀತದ ಹುಚ್ಚು ಅವನಿಗಿರಲಿಲ್ಲ.

"ತೀರ್ಮಾನ ಮಾಡೋಕೆ ಏನಿದೆ ಇದರಲ್ಲಿ?" ಎಂದು ನಿಕಾಸಿಯೊ ಜನರ ನಡುವೆ ದಾರಿ ಮಾಡಿಕೊಂಡು ಬಂದ. ರುಫಿನಾಳ ಅಪ್ಪನ ತಮ್ಮ ಅವನು. ಮಣ್ಣು ಮಾಡುವ ಕೆಲಸದಲ್ಲಿ ಊರಿಗೆ ಊರೇ ಅವನ ಮಾತು ಕೇಳುತ್ತಿತ್ತು. "ನಮ್ಮಪ್ಪ, ನಮ್ಮಜ್ಜ, ಹಾಲು ಕುಡಿಯೋವಾಗ್ಲೇ ಹೋದ ನನ್ನ ಮಗಳು, ಎಲ್ಲರ ಕಾಲೂ ಯುರಾಕ್ ಉಮಾ ಕಡೇನೇ ಇದೆ. ಎದ್ದು ಕೂತ್ರೆ ಎದುರಿಗೆ ಬೆಟ್ಟ ಕಾಣ್ಬೇಕು. ನಿಮ್ಮಮ್ಮ ಏನು ಆಕಾಶದಿಂದ ಇಳಿದು ಬಂದೋಳಾ?"

"ಅಮ್ಮ ಬಾಯ್ಬಿಟ್ಟು ಹೇಳಿದಾಳೆ ಚಿಕ್ಕಪ್ಪ. ತಲೆ ಬೆಟ್ಟದ ಕಡೆ, ಕಾಲು ಈಚೆ. ಬೆಟ್ಟಕ್ಕೆ ಬೆನ್ನು. ನಾನು ಮಾತು ಕೊಟ್ಟಿದೀನಿ."

"ನೋಡಿದ್ಯಾ, ಸತ್ರೂ ಮುನಿಸು ಬಿಡ್ಲಿಲ್ಲ ಮಾರಾಯ್ತಿ," ಎಂದು ಗೋಡೆಯ ಪಕ್ಕದಿಂದ ಒಬ್ಬಳು ಪಿಸುಗುಟ್ಟಿದಳು. ಪಿಸುಮಾತು ಅಂಗಳದ ಆಚೆಗೂ ಕೇಳಿಸಿತು.

"ಬೆಟ್ಟಾನೂ ನಮ್ಮತ್ತೆ ಜೊತೆ ಮಾತಾಡಿದ್ದನ್ನ ನಾನಂತೂ ಕೇಳಿಲ್ಲ ಬಿಡಿ," ಎಂದ ಪಾಸ್ಕುವಾಲ್. "ಇಬ್ರೂ ಸಮ ಸಮ." ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ರುಫಿನಾ ತಿರುಗಿ ನೋಡಿದ ನೋಟಕ್ಕೆ ಪಾಸ್ಕುವಾಲ್ ಮತ್ತೆ ಮೊಳೆಗಳನ್ನು ಬಾಯಿಗೆ ಹಾಕಿಕೊಂಡ.

"ಹೊಲದಲ್ಲಿ ಆಲೂಗಡ್ಡೆ ಹೂ ಬಿಟ್ಟಿದೆ," ಎಂದ ನಿಕಾಸಿಯೊ. "ಬೆಟ್ಟ ಸಿಟ್ಟಾಗಿ ನಾಳೆ ಆಲಿಕಲ್ಲು ಹೊಡೆದ್ರೆ ಊರು ನಿನ್ನ ಮುಖ ನೋಡುತ್ತಾ?"

"ನೋಡೋದು ಬೇಡ. ಅಮ್ಮನ ಮುಖ ಎಷ್ಟು ಜನ ನೋಡ್ತಿದ್ರು ಅಂತ ನಂಗೊತ್ತು."

ನಿಕಾಸಿಯೊ ಟೋಪಿ ತೆಗೆದು, ಅವಳಿಗೆ ಮಾತ್ರ ಕೇಳುವ ಹಾಗೆ ಬಗ್ಗಿದ.

"ಅಲ್ಲಿರೋದು ಬರೀ ಬೆಟ್ಟ ಅಲ್ಲ ಕಣೆ. ನಿಮ್ಮಪ್ಪ ಇದಾನೆ ಅದರೊಳಗೆ. ಗಂಡನಿಗೆ ಬೆನ್ನು ಹಾಕಿ ಮಲಗಿಸ್ತೀಯಾ ಅತ್ತಿಗೇನ?"

ಉತ್ತರ ಇಲ್ಲ ಅಂತ ಎದ್ದುಬಿಡುವವಳಲ್ಲ ರುಫಿನಾ. ಅಸುಂತಾಳ ಮಗಳಲ್ಲವೇ. ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇನ್ನಷ್ಟು ಭದ್ರವಾಗಿ ಕೂತಳು.

*

ಅಸುಂತಾ ಬೆಟ್ಟದ ಜೊತೆ ಮಾತು ಬಿಟ್ಟದ್ದು ಯಾವಾಗ ಎಂದು ವಿಲ್ಕಾಪಾಟದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ: ಗಂಡ ಗಾಬಿನೊ ಹೋದಾಗಿನಿಂದ.

ಗಾಬಿನೊ, ನಿಕಾಸಿಯೊ ಅಣ್ಣ ತಮ್ಮ ಇಬ್ಬರೂ ಯುರಾಕ್ ಉಮಾದ ಹಿಮದಂಚಿನಲ್ಲಿ ಮಂಜುಗಡ್ಡೆ ಕಡಿಯುತ್ತಿದ್ದರು. ಗಡ್ಡೆಗಳನ್ನು ಹುಲ್ಲಿನಲ್ಲಿ ಸುತ್ತಿ, ಕತ್ತೆಗಳ ಮೇಲೆ ಹೇರಿ, ಬಿಸಿಲೇರುವ ಮೊದಲು ಕೆಳಗಿನ ಪೇಟೆಗೆ ಮುಟ್ಟಿಸಬೇಕು. ಪೇಟೆಯ ಹೆಂಗಸರು ಅದನ್ನು ಹೆರೆದು, ಮೇಲೆ ಕೆಂಪು ಪಾಕ ಸುರಿದು ಮಾರುತ್ತಿದ್ದರು. ಒಂದು ಬೆಳಿಗ್ಗೆ ಮೇಲಿನ ಹಿಮದ ಚಾಚು ಮುರಿದು ಬಿತ್ತು. ತಮ್ಮ ತೆವಳಿಕೊಂಡು ಊರು ಮುಟ್ಟಿದ. ಕಾಲು ಮುರಿದಿತ್ತು, ಹಿಮದ ಬೆಳಕಿಗೆ ಕೆಲವು ದಿನದ ಮಟ್ಟಿಗೆ ಕಣ್ಣು ಕುರುಡಾಗಿತ್ತು. ಅಣ್ಣ ಬರಲಿಲ್ಲ. ಊರವರು ದಿನಗಟ್ಟಲೆ ಹುಡುಕಿದರು. ಒಂದು ಕೊಡಲಿ ಸಿಕ್ಕಿತು. ಗಾಬಿನೊನನ್ನು ಬೆಟ್ಟ ಕೊಡಲಿಲ್ಲ.

ಅಲ್ಲಿಂದ ಮುಂದೆ ಅಸುಂತಾ ಬೆಟ್ಟದ ಕಡೆ ಮುಖ ಹಾಕಲಿಲ್ಲ. ಬೆಳಿಗ್ಗೆ ಎದ್ದರೆ ಊರಿನ ಮಕ್ಕಳು ಮರಿ ಎಲ್ಲ ಟೋಪಿ ತೆಗೆದು ಯುರಾಕ್ ಉಮಾಕ್ಕೆ ನಮಸ್ಕಾರ ಹೇಳುವ ಹೊತ್ತಿಗೆ ಅವಳು ಕುರಿದೊಡ್ಡಿಯ ಕಡೆ ತಿರುಗಿ ನಿಂತಿರುತ್ತಿದ್ದಳು. ಟೋಪಿ ತಲೆಯ ಮೇಲೇ ಇರುತ್ತಿತ್ತು. ಮನೆಯ ಬಾಗಿಲು ಬೆಟ್ಟಕ್ಕೆ ಎದುರಾಗಿತ್ತು. ಅವಳು ತಾನೇ ಕಲ್ಲು ಹೊತ್ತು ಅದನ್ನು ಮುಚ್ಚಿ ಹಿಂಬದಿಯ ಗೋಡೆ ಒಡೆದು ಇನ್ನೊಂದು ಬಾಗಿಲು ಮಾಡಿಕೊಂಡಳು. ಆ ಬಾಗಿಲಿಗೆ ಗಾಳಿ ನೇರ ಹೊಡೆಯುತ್ತದೆ, ಹೊಗೆ ಹೊರಗೆ ಹೋಗುವುದಿಲ್ಲ. ಹೇಳಿದವರಿಗೆಲ್ಲ ಅವಳು ಕೊಟ್ಟ ಉತ್ತರ ಒಂದೇ: "ಹೊಗೆ ನನ್ನ ಕಣ್ಣಿಗೆ ತಾನೆ?" ಬೆಟ್ಟದ ಬುಡದಲ್ಲಿದ್ದ ಒಳ್ಳೇ ಹುಲ್ಲುಗಾವಲನ್ನು ನಿಕಾಸಿಯೊನಿಗೆ ಬಿಟ್ಟು, ಎದುರು ದಿಬ್ಬದ ಕಲ್ಲುನೆಲವನ್ನು ತಾನಿಟ್ಟುಕೊಂಡಳು. ಮೇಲೆ ಹತ್ತುವ ಕೆಲಸ ಬಿದ್ದರೆ ಟೋಪಿಯ ಅಂಚನ್ನು ಮೂಗಿನವರೆಗೆ ಎಳೆದುಕೊಂಡು, ತನ್ನ ಚಪ್ಪಲಿ ಮಾತ್ರ ನೋಡುತ್ತ ಹತ್ತುತ್ತಿದ್ದಳು. ಅವಳ ಅಲ್ಪಾಕಾಗಳು ಊರಿನಲ್ಲೇ ಬಡಕಲು, ಅವುಗಳ ಉಣ್ಣೆ ಊರಿನಲ್ಲೇ ಒರಟು. ಆದರೆ ಆ ಒರಟು ಉಣ್ಣೆಯಲ್ಲೇ ಅವಳು ನೇಯ್ದ ಕಂಬಳಿಗಳನ್ನು ಹರಿಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಜನ ಮೊದಲು ಮರುಗಿದರು, ಆಮೇಲೆ ಬೈದರು, ಕೊನೆಗೆ ನಗಲು ಶುರುಮಾಡಿದರು. "ಅಸುಂತಾ ಬೆಟ್ಟಕ್ಕೆ ಠೂ ಬಿಟ್ಟಿದಾಳೆ" ಎಂದು ಮಕ್ಕಳು ಕುಣಿಯುತ್ತಿದ್ದರು. ಅವಳು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಗುವವರ ಮನೆಯಲ್ಲಿ ಹೆರಿಗೆಯಾದರೆ ಬಿಸಿನೀರು ಕಾಯಿಸಲು ಮೊದಲು ಹೋಗುತ್ತಿದ್ದವಳೂ ಅವಳೇ.

ಇನ್ನೊಂದು ಅಭ್ಯಾಸ ಇತ್ತು ಅವಳಿಗೆ. ಸಂಜೆ ಮಂದೆ ಹೊಡೆದುಕೊಂಡು ಬಂದು ಬಾಗಿಲಲ್ಲಿ ನಿಂತು, ಒಳಗಿದ್ದ ಮಗಳನ್ನು ಕೇಳುತ್ತಿದ್ದಳು: "ಯಾರಾದ್ರೂ ಬಂದಿದ್ರಾ?"

"ಇಲ್ಲಮ್ಮ, ಯಾರೂ ಬಂದಿಲ್ಲ."

"ಸರಿ ಬಿಡು," ಎಂದು ಒಳಗೆ ಬರುತ್ತಿದ್ದಳು. ರುಫಿನಾ ಮದುವೆಯಾಗಿ ಹಳ್ಳದಾಚೆಯ ಮನೆಗೆ ಹೋದ ಮೇಲೂ ಇದು ತಪ್ಪಲಿಲ್ಲ. ಸಾರು ಕೊಡಲು ಬಂದ ಮಗಳನ್ನು ಅದನ್ನೇ ಕೇಳುವಳು. ಯಾರು ಬರುತ್ತಾರೆ ಆ ಮನೆಗೆ? ಬಿಷಪ್ಪರು ಬರುತ್ತಾರಾ ಎಂದು ಪಾಸ್ಕುವಾಲ್ ಕೀಟಲೆ ಮಾಡುತ್ತಿದ್ದ.

ಕಳೆದ ವಾರ ಅಸುಂತಾ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಗೊರಗೊರ ಅನ್ನುತ್ತಿತ್ತು. ಮಗಳನ್ನು ಹತ್ತಿರ ಕರೆದು, ಹಾಸಿಗೆಯ ಮೇಲೆ ಗೂಟಕ್ಕೆ ನೇತುಹಾಕಿದ್ದ ಗಂಟನ್ನು ತೋರಿಸಿದಳು. ಅಪ್ಪ ಹೊದೆಯುತ್ತಿದ್ದ ಕಂದು ಪೊಂಚೊ, ಅಂಚಿಗೆ ಕೆಂಪು ಪಟ್ಟಿ, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದ್ದು. ಅದನ್ನು ಮುಟ್ಟಕೂಡದು ಅನ್ನುವುದು ರುಫಿನಾಳಿಗೆ ಬುದ್ಧಿ ತಿಳಿಯುವ ಮೊದಲೇ ಗೊತ್ತಿತ್ತು.

"ಅದನ್ನ ನನ್ನ ಬೆನ್ನಿಗೆ ಕಟ್ಟಿ ಕಳಿಸು. ಬಿಚ್ಚಬೇಡ. ನನ್ನ ಮುಖ ಬೆಟ್ಟದ ಕಡೆ ಮಾಡ್ಬೇಡ. ಯಾರು ಏನೇ ಅನ್ಲಿ. ಮಾತು ಕೊಡು."

ರುಫಿನಾ ಮಾತು ಕೊಟ್ಟಳು. ಅಮ್ಮ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರಮ್ಮ ಈ ಚಳೀಲಿ?" ಎಂದಳು ರುಫಿನಾ. ಅವಳಿಗೂ ಆಯಾಸವಾಗಿತ್ತು.

"ಸರಿ ಬಿಡು," ಎಂದಳು ಅಸುಂತಾ.

*

"ಗಂಡಸರೆಲ್ಲ ಆಚೆ ನಡೀರಿ," ಎಂದಳು ದಮಿಯಾನಾ. ನಿಕಾಸಿಯೊನ ಹೆಂಡತಿ. ಗಂಡನ ಮಾತು ಊರು ಕೇಳುತ್ತಿತ್ತು, ಅವಳ ಮಾತನ್ನು ಗಂಡ ಕೇಳುತ್ತಿದ್ದ. "ಬೆನ್ನಿಗೆ ಗಂಟು ಕಟ್ಬೇಕಂತೆ. ಹೆಣಾನ ಎತ್ತಿ ಕೂರಿಸೋದನ್ನ ನೀವು ನೋಡೋದು ಬೇಡ. ಪಾಸ್ಕುವಾಲ್, ಆ ಮೊಳೆ ನುಂಗಿಗಿಂಗೀಯ, ಉಗಿ."

ಅವಳ ಮಾತಿಗೆ ರುಫಿನಾ ಎದ್ದಳು. ಪೆಟ್ಟಿಗೆಯನ್ನು ಒಳಗೆ ಎತ್ತಿಟ್ಟು ಗಂಡಸರು ಹೊರಗೆ ಹೋದರು. ರುಫಿನಾ ಗೂಟದಿಂದ ಗಂಟನ್ನು ಇಳಿಸಿದಳು. ಜೀವಮಾನದಲ್ಲಿ ಮೊದಲ ಸಲ ಮುಟ್ಟಿದ್ದು. ಹೊಗೆಯ ವಾಸನೆ ಬಿಟ್ಟರೆ ಅದರಲ್ಲಿ ಏನೂ ಇದ್ದಂತಿರಲಿಲ್ಲ.

ದಮಿಯಾನಾ ಮುಚ್ಚಳ ಸರಿಸಲಿಲ್ಲ. ಬಾಗಿಲು ಹಾಕಿ ಬಂದು, ಮುಚ್ಚಿಹೋಗಿದ್ದ ಹಳೇ ಬಾಗಿಲಿನ ಕಲ್ಲುಗಳಿಗೆ ಒರಗಿ ಕೂತಳು.

"ನಿಮ್ಮಮ್ಮ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು. ನಾನು ಬದುಕಿರೋವರೆಗೂ ಹೇಳ್ಬೇಡ ಅಂತ. ಈಗ ಅವಳಿಲ್ಲ. ಆಣೆ ತೀರ್ತು."

"ಏನು ಚಿಕ್ಕಮ್ಮ?"

"ಹೋದ ವರ್ಷ ನಿನ್ನ ಮಗಳು ಹಳ್ಳಕ್ಕೆ ಬಿದ್ದು ಹೆದರ್ಕೊಂಡ್ಲಲ್ಲ. ಊಟ ಬಿಟ್ಟು ಬಡಕಲಾದ್ಲು. ಏನು ಮಾಡ್ದೆ ಆಗ?"

ಏನು ಮಾಡುವುದು, ಎಲ್ಲರೂ ಮಾಡುವುದನ್ನೇ ಮಾಡಿದ್ದಳು. ಬಿದ್ದ ಜಾಗದಲ್ಲಿ ಮಗಳ ಲಂಗ ಹಾಸಿ, ಹೆಸರು ಹಿಡಿದು ಜೀವವನ್ನು ಕರೆದು, ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಂಡು, ತಿರುಗಿ ನೋಡದೆ ಮನೆಗೆ ಬಂದಿದ್ದಳು. ತಿರುಗಿ ನೋಡಿದರೆ ಕರೆದದ್ದು ವಾಪಸ್ಸು ಹೋಗುತ್ತದೆ. ಬಾಗಿಲಲ್ಲಿ ನಿಂತು "ಬಂದ್ಲಾ?" ಎಂದು ಕೇಳಿದ್ದಳು. ಒಳಗಿನಿಂದ ಪಾಸ್ಕುವಾಲ್ "ಬಂದ್ಲು" ಎಂದಿದ್ದ. ಆಮೇಲೆ ಗಂಟು ಬಿಚ್ಚಿ ಲಂಗ ಹೊದಿಸಿದ್ದರು. ಹುಡುಗಿ ರಾತ್ರಿಯೇ ಸಾರು ಕೇಳಿ ಕುಡಿದಿದ್ದಳು.

"ಹೆಣ ಸಿಗದೆ ಹೋದಾಗ ನಿಮ್ಮಮ್ಮಾನೂ ಅದನ್ನೇ ಮಾಡಿದ್ದು," ಎಂದಳು ದಮಿಯಾನಾ. "ದೇಹ ಸಿಗದಿದ್ರೆ ಬೇಡ, ಜೀವಾನಾದ್ರೂ ಮನೆಗೆ ತರ್ತೀನಿ ಅಂತ ಒಬ್ಳೇ ಹೋದ್ಲು. ನಿಮ್ಮ ಚಿಕ್ಕಪ್ಪ ಕಣ್ಣಿಗೆ ಬಟ್ಟೆ ಕಟ್ಕೊಂಡು ನಮ್ಮನೇಲಿ ನರಳ್ತಿದ್ದ, ಅವನಿಗೆ ಇದೊಂದೂ ಗೊತ್ತಿಲ್ಲ. ನಾನು ಇಲ್ಲಿ ನಿನ್ನ ನೋಡ್ಕೊಂಡು ಕೂತಿದ್ದೆ. ಇದೇ ಬಾಗ್ಲು ಇತ್ತು ಆಗ."

*

ಹೊರಗೆ ಗಾಳಿ. ದಮಿಯಾನಾ ಒಲೆ ಊದುತ್ತಿದ್ದಳು. ಬಾಗಿಲ ಚಿಲಕಕ್ಕೂ ಎಟುಕದ ಪುಟ್ಟ ರುಫಿನಾ ಕದದ ಸಂದಿಯಲ್ಲಿ ಕಣ್ಣಿಟ್ಟು ನಿಂತಿದ್ದಳು. ಅಮ್ಮ ಅಪ್ಪನನ್ನು ಕರೆದುಕೊಂಡು ಬರುತ್ತಾಳೆ ಎಂದು ಯಾರೋ ಹೇಳಿದ್ದರು.

ಕತ್ತಲಾಗುವ ಮೊದಲು ಅಸುಂತಾ ಅಂಗಳಕ್ಕೆ ಬಂದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಬೆನ್ನ ಮೇಲೆ ಕಂದು ಗಂಟು. ಹಿಂದೆ ಬೆಟ್ಟ. ಅವಳು ಬಾಗಿಲ ಮುಂದೆ ನಿಂತು, ಇದ್ದ ಉಸಿರನ್ನೆಲ್ಲ ಸೇರಿಸಿ ಕೇಳಿದಳು:

"ಗಾಬಿನೊ ಬಂದ್ನಾ?"

ಊದುಗೊಳವೆ ಕೆಳಗಿಟ್ಟು ದಮಿಯಾನಾ ಬಾಯಿ ತೆರೆಯುವ ಮೊದಲೇ, ಸಂದಿಯಲ್ಲಿ ಚೆನ್ನಾಗಿ ಹುಡುಕಿ ನೋಡಿದ ಮಗು ಇದ್ದದ್ದನ್ನು ಇದ್ದ ಹಾಗೆ ಹೇಳಿತು.

"ಇಲ್ಲ. ಬಂದಿಲ್ಲ. ಅಮ್ಮ ಒಬ್ಳೇ ಬಂದಿದಾಳೆ."

"ಬಂದ ಬಂದ!" ಎಂದು ದಮಿಯಾನಾ ಕೂಗಿದಳು. "ಬಂದ ಅಕ್ಕ, ಒಳಗೆ ಬಾ, ಗಂಟು ಬಿಚ್ಚು."

ಅಸುಂತಾ ಗಂಟು ಬಿಚ್ಚಲಿಲ್ಲ.

"ಮಗು ನೋಡಿ ಹೇಳಿದೆ," ಎಂದಳು. "ನೀನು ನೋಡ್ದೆ ಹೇಳ್ತಿದೀಯ."

"ಅದಕ್ಕೇನು ತಿಳಿಯುತ್ತೆ ಅಕ್ಕ? ಇನ್ನೊಂದ್ಸಲ ಕೇಳು. ನಾನು ಹೇಳಿಕೊಡ್ತೀನಿ ಅದಕ್ಕೆ."

"ಹೇಳಿಕೊಟ್ಟು ಹೇಳಿಸಿದ್ರೆ ಅವನು ಬಂದ ಹಾಗಾಗುತ್ತಾ? ಮೊದಲಿಂದ್ಲೂ ಅವನ ನಡಿಗೆ ನಿಧಾನ. ಹಿಂದೆ ಬರ್ತಿದಾನೆ. ಬರ್ಲಿ. ನಾನು ತಿರುಗಿ ನೋಡಲ್ಲ."

*

"ಆಮೇಲೆ ಬಾಗಿಲು ಮುಚ್ಚಿದ್ಲು," ಎಂದಳು ದಮಿಯಾನಾ. "ಹುಲ್ಲುಗಾವಲು ಬಿಟ್ಲು. ಊರು ಅದನ್ನ ಜಗಳ ಅಂತು. ಅವಳು ಜಗಳ ಆಡ್ತಿರಲಿಲ್ಲ ಕಣೆ. ದಾರಿ ನಡೀತಿದ್ಲು."

ರುಫಿನಾಳಿಗೆ ಆ ಸಂಜೆ ನೆನಪಿಲ್ಲ. ಬಾಗಿಲ ಸಂದಿಯೂ ನೆನಪಿಲ್ಲ. ನೆನಪಿದ್ದದ್ದು ಬೇರೆ. ಮಂದೆಯ ಧೂಳು ಮೆತ್ತಿದ ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು, ತಾನು ಆಲೂಗಡ್ಡೆ ಸುಲಿಯುತ್ತಲೋ ಉಣ್ಣೆ ಹಿಂಜುತ್ತಲೋ ತಲೆಯೆತ್ತದೆ ಯಾರೂ ಇಲ್ಲ ಅಂದದ್ದು. ಎಷ್ಟು ಸಂಜೆಗಳು! ಕೊನೆಗೆ ಕಳೆದ ವಾರ, ಈ ಚಳಿಯಲ್ಲಿ ಯಾರು ಬರುತ್ತಾರೆ ಅಂದದ್ದು.

"ಅಯ್ಯೋ ಅಮ್ಮ," ಎಂದಳು. ಆವರೆಗೆ ಅತ್ತಿರಲಿಲ್ಲ ಅವಳು. ಈಗ ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು. ದಮಿಯಾನಾ ಬೆನ್ನು ಸವರಿದಳು, ಸಾಕು ಅನ್ನಲಿಲ್ಲ.

ಅತ್ತಾದ ಮೇಲೆ ರುಫಿನಾ ಮೂಗು ಒರೆಸಿಕೊಂಡು, ಗಂಟನ್ನು ಎತ್ತಿ ತನ್ನ ಬೆನ್ನಿಗೆ ಹಾಕಿಕೊಂಡಳು. ಮಗುವನ್ನು ಹೊರುವಾಗ ಕಟ್ಟುವ ಹಾಗೆ ಶಾಲನ್ನು ಅದರಡಿ ಹಾಯಿಸಿ ಎದೆಯ ಮುಂದೆ ಬಿಗಿಯಾಗಿ ಗಂಟು ಹಾಕಿದಳು.

"ಏನೇ ಇದು? ತನ್ನ ಬೆನ್ನಿಗೆ ಅಂದಿದ್ಲಲ್ಲ ನಿಮ್ಮಮ್ಮ?"

"ಅವಳು ಹೊತ್ತಿದ್ದು ಸಾಕು. ಉಳಿದ ದಾರಿ ನಾನು ಹೊರ್ತೀನಿ. ಇವತ್ತು ಅವಳು ಹೋಗೋ ಮನೆಗೇ ಮುಟ್ಟಿಸ್ತೀನಿ."

"ಗೋರಿ ದಿಬ್ಬ ಹತ್ತೋವರೆಗೂ ಬೆಟ್ಟ ಹಿಂದೇನೇ ಇರುತ್ತೆ ರುಫಿನಾ. ಊರೆಲ್ಲ ತಿರುಗಿ ಟೋಪಿ ತೆಗೀತಾರೆ. ಕೂಗಿ ಕರೀತಾರೆ."

"ಕರೀಲಿ."

ಬಾಗಿಲು ತೆರೆದು ಅವಳು ಗಂಡನನ್ನು ಕರೆದಳು. "ಮೊಳೆ ಹೊಡಿ. ಹೊರಡೋಣ." ಅಮ್ಮನ ಕಪ್ಪು ಟೋಪಿಯನ್ನು ಮುಚ್ಚಳದ ಮೇಲಿಟ್ಟು ದಾರದಿಂದ ಕಟ್ಟಿದಳು.

"ಯಾವ ಕಡೆ ತಲೆ ಅಂತ ಹೇಳ್ಲಿಲ್ಲ," ಎಂದ ನಿಕಾಸಿಯೊ.

"ಅಲ್ಲಿ ಹೇಳ್ತೀನಿ ಚಿಕ್ಕಪ್ಪ. ಮೊದಲು ಅಲ್ಲಿವರೆಗೂ ಹೋಗೋಣ."

*

ರುಫಿನಾ ಎಲ್ಲರಿಗಿಂತ ಮುಂದೆ ನಡೆದಳು. ಅವಳ ಹಿಂದೆ ನಿಕಾಸಿಯೊ, ಅವನ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಪಿಟೀಲು, ಊರು. ಗೋರಿಗಳ ದಿಬ್ಬ ಹಳ್ಳದಾಚೆ. ದಾರಿಯುದ್ದಕ್ಕೂ ಯುರಾಕ್ ಉಮಾ ಬೆನ್ನಿಗೇ ಬೀಳುತ್ತದೆ. ಅಲ್ಲಿಯವರೆಗೆ ಅವಳು ಎಂದೂ ಬೆಟ್ಟವನ್ನು ಅಷ್ಟಾಗಿ ಗಮನಿಸಿದವಳಲ್ಲ. ಅಮ್ಮನ ಪಕ್ಷ ವಹಿಸಿ ಅವಳೂ ಒಂಥರಾ ಮುಖ ತಪ್ಪಿಸಿಕೊಂಡೇ ಬೆಳೆದವಳು. ಇವತ್ತು ನೋಡಬಾರದು ಅಂದ ಕೂಡಲೇ ಕತ್ತಿನ ನರವೆಲ್ಲ ಹಿಂದಕ್ಕೆ ಎಳೆಯತೊಡಗಿತು. ಇದನ್ನು ಅಮ್ಮ ದಿನಾ ತಡೆದುಕೊಂಡಳು, ಒಂದು ಆಯುಷ್ಯ ಪೂರ್ತಿ. ರುಫಿನಾ ಹಲ್ಲು ಕಚ್ಚಿದಳು.

ಚಪ್ಪಟೆ ಬಂಡೆಯ ಬಳಿ ಮೆರವಣಿಗೆ ನಿಂತಿತು. ಅಲ್ಲಿ ಪೆಟ್ಟಿಗೆ ಇಳಿಸಿ, ಎಲ್ಲರೂ ಬೆಟ್ಟಕ್ಕೆ ತಿರುಗಿ, ಟೋಪಿ ತೆಗೆದು, ನೆಲಕ್ಕೆ ಒಂದು ಗುಟುಕು ಸಾರಾಯಿ ಸುರಿಯುವುದು ಪದ್ಧತಿ. ಜನ ತಿರುಗಿದ ಸದ್ದು, ಟೋಪಿಗಳ ಸರಬರ ಅವಳ ಹಿಂದೆ ಕೇಳಿಸಿತು.

"ನೋಡು, ತಾಯಿ ಚಾಳಿ ಮಗಳಿಗೆ," ಎಂದಿತು ಒಂದು ದನಿ. "ಹೆಣದ ಮುಂದಾದ್ರೂ ಒಂದ್ಸಲ ಟೋಪಿ ತೆಗೀಬಾರ್ದಾ?"

"ಈಗೇನು ಉಳಿದಿದೆ ಆ ಬೆಟ್ಟದ ತಲೆ ಮೇಲೆ?" ಎಂದು ಪಾಸ್ಕುವಾಲ್ ಹೆಂಡತಿಯ ಪರವಾಗಿ ಬಾಯಿ ಹಾಕಿದ. "ನಮ್ಮಜ್ಜನ ಕಾಲದಲ್ಲಿ ಯುರಾಕ್ ಉಮಾ, ಬಿಳಿತಲೆ ಅಂತ ಹೆಸರಿಟ್ರು. ಈಗ ಬೊಕ್ಕತಲೆ ಆಗ್ತಾ ಬಂತು."

ಅವನ ಮಾತು ಮುಗಿಯಲಿಲ್ಲ. ಮೇಲೆ ಎಲ್ಲೋ ಫಟ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಗುಡುಗಿನಂಥ ದೊಡ್ಡ ಸದ್ದು. ಕಾಲ ಕೆಳಗಿನ ನೆಲ ಅದುರಿತು. ಹೆಂಗಸರು ಕೂಗಿಕೊಂಡರು.

"ಹಿಮ ಬಿತ್ತು! ಅಯ್ಯೋ, ಅಲ್ಲಿ ನೋಡಿ, ಹೊಗೆ ಎದ್ದ ಹಾಗೆ ಎದ್ದಿದೆ!"

"ಗಾಬಿನೊ ಹೋದ ಜಾಗ ಅದು! ಅದೇ ಜಾಗ!"

"ರುಫಿನಾ, ತಿರುಗೇ! ನೋಡೇ ಇಲ್ಲಿ!"

ತಣ್ಣನೆಯ ಗಾಳಿ ಬಂದು ರುಫಿನಾಳ ಲಂಗ ಹಾರಿಸಿತು. ಯಾರೋ ಹಿಂದಿನಿಂದ ಗಂಟನ್ನು ಮೆಲ್ಲಗೆ ಜಗ್ಗಿದ ಹಾಗಾಯಿತು. ಅದು ಗಾಳಿಯೇ ಇರಬೇಕು. ಅವಳು ಎದೆಯ ಮೇಲಿನ ಗಂಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಎದುರಿಗಿದ್ದ ಒಂದು ಮುಳ್ಳುಗಿಡವನ್ನು ನೋಡುತ್ತ ನಿಂತಳು. ಹಿಂದೆ ಕೂಗಾಟ ತಣ್ಣಗಾಗುವವರೆಗೂ ಆ ಗಿಡದ ಮುಳ್ಳುಗಳನ್ನೇ ನೋಡಿದಳು.

"ಆಯ್ತಾ?" ಎಂದು ಗಟ್ಟಿಯಾಗಿ ಕೇಳಿದಳು. "ಆಯ್ತು ಅಂದ್ರೆ ನಡೀರಿ."

ಹಳ್ಳದಲ್ಲಿ ನೀರು ಹೆಚ್ಚಿರಲಿಲ್ಲ, ಕಲ್ಲುಗಳ ಮೇಲೆ ಮಂಜು ಕಟ್ಟಿತ್ತು. ರುಫಿನಾ ಆಚೆ ದಡ ಮುಟ್ಟಿದ್ದಳು ಅಷ್ಟೆ, ಹಿಂದೆ ಧೊಪ್ಪನೆ ಸದ್ದಾಯಿತು.

"ಹಿಡ್ಕೊಳ್ರೋ! ಮುದುಕ ಬಿದ್ದ!"

"ಪೆಟ್ಟಿಗೆ ನೋಡ್ಕೊಳ್ರಿ, ನನ್ನನ್ನಲ್ಲ!" ಎಂದು ನಿಕಾಸಿಯೊ ನೀರಿನಿಂದಲೇ ಬೈದ. ಮುರಿದು ಕೂಡಿದ ಹಳೇ ಕಾಲು ಅವನಿಗೆ ಕೈಕೊಟ್ಟಿತ್ತು. ಹೊರುವವರ ಭುಜವೆಲ್ಲ ಪೆಟ್ಟಿಗೆಯಡಿ ಸಿಕ್ಕಿಕೊಂಡಿತ್ತು. ಉಳಿದ ಜನ ಅದರ ಹಿಂದೆ. ಮುಂದೆ ಇದ್ದವಳು ರುಫಿನಾ ಒಬ್ಬಳೇ. "ರುಫಿನಾ, ಕೈ ಕೊಡೇ!"

ತಿರುಗುವ ಹಾಗಿಲ್ಲ. ಚಿಕ್ಕಪ್ಪನನ್ನು ಆ ನೀರಿನಲ್ಲಿ ಬಿಟ್ಟು ಹೋಗುವ ಹಾಗೂ ಇಲ್ಲ. ರುಫಿನಾ ಒಂದು ಕ್ಷಣ ಯೋಚಿಸಿದಳು. ಆಮೇಲೆ ಲಂಗ ಎತ್ತಿ ಕಟ್ಟಿ, ಮುಖ ದಿಬ್ಬದ ಕಡೆಗೇ ಇಟ್ಟುಕೊಂಡು, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಹಳ್ಳಕ್ಕೆ ಇಳಿದಳು. ಹಠ ಮಾಡುವ ಕತ್ತೆಯನ್ನು ಹಗ್ಗ ಹಿಡಿದು ಎಳೆದಾಗ ಅದು ಇಡುವ ಹೆಜ್ಜೆ. ಯಾರೋ ನಕ್ಕರು. ಮಂಡಿಯವರೆಗೆ ನೀರಿನಲ್ಲಿ ನಿಂತು, ಒಂದು ಕೈಯನ್ನು ಹಿಂದಕ್ಕೆ ಚಾಚಿದಳು.

"ಹಿಡ್ಕೊ ಚಿಕ್ಕಪ್ಪ."

"ಈ ಕಡೆ ತಿರುಗಿ ಕೊಡೋಕೆ ಏನು ರೋಗ ನಿಂಗೆ? ಬೆಟ್ಟದ ಮೇಲಿನ ಸಿಟ್ಟು ನನ್ನ ಮೇಲೆ ಯಾಕೆ?"

"ಸಿಟ್ಟಲ್ಲ. ಅಮ್ಮಂದೂ ಸಿಟ್ಟಲ್ಲ. ನನ್ನ ಬೆನ್ನ ಮೇಲೆ ಏನಿದೆ ನೋಡು."

ನಿಕಾಸಿಯೊ ಅವಳ ಕೈ ಹಿಡಿದು ಎದ್ದ. ಅವನ ಮೂಗಿನ ಮುಂದೆಯೇ ಕಂದು ಪೊಂಚೊ ಇತ್ತು, ಕೆಂಪು ಪಟ್ಟಿ ಇತ್ತು. ತಿರುಗದ ಆ ಕತ್ತನ್ನೂ ಅವನು ನೋಡಿದ. ಇಷ್ಟು ವರ್ಷ ಕಂಡಿದ್ದ ಇನ್ನೊಂದು ಕತ್ತು ಅವನಿಗೆ ನೆನಪಾಗಿರಬೇಕು. ಅವನ ಹಿಡಿತ ಬಿಗಿಯಾದದ್ದು ರುಫಿನಾಳಿಗೆ ಗೊತ್ತಾಯಿತು.

"ಕರೆದಿದ್ಲಾ?" ಎಂದ. "ಅತ್ತಿಗೆ ಅವನನ್ನ ಕರೆದಿದ್ಲಾ?"

"ಕರೆದು ಹೊತ್ಕೊಂಡು ಬಂದಿದ್ಲು. ಬಾಗಿಲಲ್ಲಿ ಕೇಳಿದಾಗ ನಾನು, ಅಪ್ಪ ಬಂದಿಲ್ಲ ಅಂದುಬಿಟ್ಟೆ. ಅವತ್ತಿಂದ ಇವತ್ತಿನವರೆಗೂ ಅವಳು ತಿರುಗಿಲ್ಲ."

ನೀರು ಅವರ ಕಾಲ ಸುತ್ತ ಹರಿಯಿತು. ಹೊರುವವರು ಪೆಟ್ಟಿಗೆಯಡಿ ಏದುಸಿರು ಬಿಡುತ್ತಿದ್ದರು. ಏನು ನಡೆಯುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ.

"ನಾನು ಬದುಕಿ ಬಂದೆ ಅಂತ ನನ್ನ ಮೇಲೆ ಮುನಿಸು ಅಂದ್ಕೊಂಡಿದ್ದೆ," ಎಂದ ನಿಕಾಸಿಯೊ. "ಇಷ್ಟು ವರ್ಷ. ಅವಳ ಮನೆ ಬಾಗಿಲಿಗೆ ಹೋಗೋಕೆ ಮುಖ ಇರಲಿಲ್ಲ ನಂಗೆ." ಅವನು ಕೆಮ್ಮಿದ. "ನಡಿ. ನಾನು ನಿನ್ನ ಹಿಂದೇನೇ ಇದೀನಿ. ಯಾರು ಕೂಗಿದ್ರೂ ತಿರುಗ್ಬೇಡ."

ದಿಬ್ಬ ಹತ್ತುವಾಗ ಅವನು ಗಂಟನ್ನು ಮುಟ್ಟುವಷ್ಟು ಹತ್ತಿರ ನಡೆದ. ಯಾರೋ ಮಾತಾಡಲು ಬಾಯಿ ತೆರೆದಾಗ "ಮುಚ್ಚೋ" ಅಂದ.

*

ಪಾಸ್ಕುವಾಲ್ ಬೆಳಿಗ್ಗೆಯೇ ಅಗೆದಿಟ್ಟಿದ್ದ ಗುಂಡಿ, ಬೆಟ್ಟದ ಕಡೆಗೆ ಉದ್ದಕ್ಕೆ ಇತ್ತು. ಸುತ್ತಲಿನ ಶಿಲುಬೆಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಹೊರುವವರು ಬಂದು, ರುಫಿನಾ ಬೆಳಿಗ್ಗೆ ಹೇಳಿದ್ದ ಹಾಗೆಯೇ, ತಲೆ ಬೆಟ್ಟದ ಕಡೆ ಇರುವಂತೆ ಪೆಟ್ಟಿಗೆ ಇಳಿಸಿ ನಿಂತರು. ಹಳ್ಳದ ನಂತರ ನಿಕಾಸಿಯೊ ಅದಕ್ಕೆ ಬೇಡ ಅಂದಿರಲಿಲ್ಲ. ಊರು ಗುಸುಗುಸು ಅನ್ನುತ್ತಿತ್ತು.

ರುಫಿನಾ ಬೆಟ್ಟದ ಕಡೆ ತಿರುಗದೆಯೇ ಗುಂಡಿಯೊಳಗೆ ಇಳಿದಳು. ಅವಳ ಎದೆಮಟ್ಟಕ್ಕಿತ್ತು ಅದು. ಹಸಿಮಣ್ಣಿನ ತಂಪು ಮೈಗೆ ತಾಗಿತು. ಎದೆಯ ಮೇಲಿನ ಗಂಟನ್ನು ಸಡಿಲಿಸಿ, ಪೊಂಚೊವನ್ನು ಬೆನ್ನಿನಿಂದ ಮುಂದಕ್ಕೆ ತಂದು, ಮಗುವನ್ನು ಎತ್ತಿಕೊಂಡ ಹಾಗೆ ತೋಳಿನಲ್ಲಿ ಹಿಡಿದಳು.

"ಬಾಗಿಲಲ್ಲಿ ಕೇಳೋದನ್ನ ಕೇಳು ಚಿಕ್ಕಪ್ಪ," ಎಂದಳು.

ನಿಕಾಸಿಯೊ ಗುಂಡಿಯ ಅಂಚಿಗೆ ಬಂದ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ. ಎಲ್ಲರೂ ತಮ್ಮ ತಮ್ಮ ಮನೆಯ ಬಾಗಿಲಲ್ಲಿ ಯಾವತ್ತಾದರೂ ಕೇಳಿದ್ದ ಮಾತೇ ಅದು. ಮೊದಲಕ್ಷರಕ್ಕೇ ಅವರಿಗೆ ಗೊತ್ತಾಯಿತು.

"ಗಾಬಿನೊ ಬಂದ್ನಾ?"

ರುಫಿನಾ ತೋಳಿನಲ್ಲಿದ್ದುದನ್ನು ನೋಡಿದಳು. ದಾರಿಯುದ್ದಕ್ಕೂ ಹೊತ್ತದ್ದರಿಂದ ಅದು ಅವಳ ಮೈಯ ಬಿಸಿಯಿಂದ ಬೆಚ್ಚಗಾಗಿತ್ತು.

"ಬಂದ," ಎಂದಳು. "ಅಪ್ಪ ಬಂದ. ನಾನೇ ಹೊತ್ಕೊಂಡು ಬಂದಿದೀನಿ."

ಆಮೇಲೆ ಪೆಟ್ಟಿಗೆಯ ಕಡೆ ಮುಖವೆತ್ತಿ ಇನ್ನೊಂದು ಸಲ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಅಮ್ಮ, ಬಂದ."

ದಮಿಯಾನಾ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು. ರುಫಿನಾ ಹಲ್ಲಿನಿಂದ ಕಚ್ಚಿ ಆ ಹಳೇ ಗಂಟನ್ನು ಬಿಚ್ಚಿದಳು. ಮಡಿಕೆಗಳಲ್ಲಿ ಬಣ್ಣ ಹೊಸದರ ಹಾಗೆಯೇ ಉಳಿದಿತ್ತು. ಪೊಂಚೊವನ್ನು ಗುಂಡಿಯ ತಳದಲ್ಲಿ ಹಾಸಿ, ಅಂಗೈಯಲ್ಲಿ ಸುಕ್ಕು ತೀಡಿ, ಗಂಡನ ಕೈ ಹಿಡಿದು ಮೇಲೆ ಹತ್ತಿದಳು.

"ಈಗ ಹೇಳು," ಎಂದ ಪಾಸ್ಕುವಾಲ್. ಅವನು ಕೀಟಲೆ ಮಾಡುತ್ತಿರಲಿಲ್ಲ. "ಅತ್ತೆ ತಲೆ ಯಾವ ಕಡೆ?"

"ತಿರುಗಿಸಿ," ಎಂದಳು ರುಫಿನಾ. "ಅವಳು ಮನೆ ಮುಟ್ಟಿದ್ಲು. ಇನ್ನು ನೋಡ್ಬಹುದು."

ಜಾಗ ಇಕ್ಕಟ್ಟು. ಹೊರುವವರು ಪೆಟ್ಟಿಗೆಯನ್ನು ಎತ್ತಿ, ಅಕ್ಕಪಕ್ಕದ ಗೋರಿಗಳನ್ನು ತುಳಿಯದಂತೆ ಒಂದೊಂದೇ ಹೆಜ್ಜೆ ಇಡುತ್ತ, ಮೆಲ್ಲಗೆ ಸುತ್ತು ತಿರುಗಿಸಿದರು. ನಿಕಾಸಿಯೊ ತಾನೂ ಒಂದು ಮೂಲೆಗೆ ಭುಜ ಕೊಟ್ಟಿದ್ದ. ಅವರ ಜೊತೆಗೇ ರುಫಿನಾಳೂ ತಿರುಗಿದಳು. ಎದುರಿಗೆ ಯುರಾಕ್ ಉಮಾ ನಿಂತಿತ್ತು. ಕಪ್ಪು ಬಂಡೆ, ನೆತ್ತಿಯಲ್ಲಿ ಉಳಿದಷ್ಟು ಬಿಳಿ, ಆಗಷ್ಟೇ ಮುರಿದು ಬಿದ್ದ ಕಡೆ ಹಸಿ ಗಾಯದಂಥ ನೀಲಿ.

ಅವಳು ಮುಂದೆ ಹೋಗಿ ದಾರ ಬಿಚ್ಚಿ, ಮುಚ್ಚಳದ ಮೇಲಿದ್ದ ಅಮ್ಮನ ಟೋಪಿಯನ್ನು ತೆಗೆದಳು.